ಹಸಿರು ಚಿಂದಿ

ಜಮಖಾನೆಗೆಂದು ಅತ್ತೆ ಹರಿದುಕೊಟ್ಟ ಹಸಿರು ಚಿಂದಿಯನ್ನು ಮಗ್ಗದಲ್ಲಿ ಗಂಟು ಹಾಕುತ್ತಿದ್ದ ತೂಡಾಳ ಬೆರಳು ನಿಂತೇಹೋಯಿತು. ಅದರ ಮೇಲೆ ತನ್ನದೇ ಕೈಯ ಕೆಂಪು ಹೊಲಿಗೆಯಿತ್ತು. ಗಂಡ ಜಾಯಿದ್ ದುಡಿಮೆಗೆಂದು ಕದ್ದು ಸ್ಪೇನಿಗೆ ದಾಟುವ ದೋಣಿ ಹಿಡಿಯಲು ಹೊರಟ ದಿನ, ಅವನ ಮೈಮೇಲಿದ್ದ ಅಂಗಿಗೇ ಅವಳು ಆ ಹೊಲಿಗೆ ಹಾಕಿದ್ದಳು. ಎರಡು ವರ್ಷವಾಯಿತು, ಸುದ್ದಿಯಿಲ್ಲ.

"ಏನೇ, ಕೂತಲ್ಲೇ ನಿದ್ದೆನಾ? ನಿನ್ನ ಗಂಡ ಬರೋ ಹೊತ್ತಿಗೆ ಇದು ಮುಗಿದ ಹಾಗೇ!" ಪಕ್ಕದಲ್ಲಿ ಕಬ್ಬಿಣದ ಬಾಚಣಿಗೆಯಿಂದ ನೇಯ್ಗೆ ಬಡಿಯುತ್ತಿದ್ದ ಮಬ್ಬುಗಣ್ಣಿನ ಅತ್ತೆ ಇಜ್ಜಾ ಎಂದಿನಂತೆ ಛೇಡಿಸಿದಳು.

"ಅತ್ತೆ, ಅವರ ಅಂಗಿ ಮನೆಗೆ ಹೇಗೆ ಬಂತು?"

ಬಾಚಣಿಗೆ ಅರ್ಧಕ್ಕೇ ನಿಂತಿತು. ಮುದುಕಿ ತಡಕಾಡಿ ಆ ಚಿಂದಿಯನ್ನು ಮುಟ್ಟಿ ನೋಡಿದಳು. "ಇದನ್ನ ಬೇರೆ ಮೂಟೆಗೆ ಹಾಕಿದ್ನಲ್ಲೇ..." ಎಂದಳು. "ಮೂರು ಸಲ ಒಗೆದೆ, ಮಗಳೇ. ಸಮುದ್ರದ ಉಪ್ಪು ಹೋಗ್ಲೇ ಇಲ್ಲ."