ಹೋಗುವ ಟಿಕೆಟ್ಟು ಮಾತ್ರ

ಬರುವ ಟಿಕೆಟ್ಟು ಬೇಡವೆಂದು ಮಲ್ಲಿಗಮ್ಮ ಮೂರನೆಯ ಸಲ ಹೇಳಿದಾಗ ಪಾಲಾಕ್ಷನಿಗೆ ಅನುಮಾನ ಬಂತು.

ಅವನು ಅರಕಲಗೂಡಿನವನು. ಹೊಳೆನರಸೀಪುರದ ಬಸ್ ನಿಲ್ದಾಣದ ಎದುರು ಟಿಕೆಟ್ಟು, ಪಾಸ್‌ಪೋರ್ಟು, ವೀಸಾ ಅರ್ಜಿಗಳ ಅಂಗಡಿ ತೆರೆದು ಆರು ತಿಂಗಳಾಗಿತ್ತು. ಕಾಶಿಗೆ ಹೋಗುವವರಾಗಲಿ, ದುಬೈಗೆ ಹೋಗುವವರಾಗಲಿ, ಮೊದಲು ಕೇಳುವುದು ವಾಪಸು ಬರುವ ದಿನವನ್ನೇ. ಹಳೇಕೋಟೆಯಿಂದ ಬಂದ, ಅಂಗನವಾಡಿಯಲ್ಲಿ ಅಡಿಗೆ ಮಾಡಿ ನಿವೃತ್ತಳಾದ ಈ ಹೆಂಗಸಿಗೆ ಮಾತ್ರ ಆ ದಿನವೇ ಬೇಡ. ಗಂಡ ತೀರಿ ಹತ್ತು ವರ್ಷ, ಹೆತ್ತದ್ದು ಒಂದೇ. ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಹೋದ ಆ ಮಗಳು ಬಿಂದುಶ್ರೀಯ ಬಳಿ ಹೋಗಿ ಇದ್ದುಬಿಡಬೇಕು, ಅದಕ್ಕೆ ದೀರ್ಘಕಾಲದ ವೀಸಾ ಬೇಕು. ಅವಳು ಬಯಸಿದ್ದು ಇಷ್ಟೇ.

ಪಾಲಾಕ್ಷ ಬಿಡಿಸಿ ಹೇಳಿದ. ವೀಸಾ ಕೈಗೆ ಬರುವ ತನಕ ಟಿಕೆಟ್ಟು ಕೊಳ್ಳಬಾರದು. ಹೆಸರು, ದಿನ, ವಿಮಾನ ಗೊತ್ತುಮಾಡಿ ಸೀಟು ಕಾಯ್ದಿರಿಸಿದ ಹಾಳೆಯನ್ನು ಅರ್ಜಿಗೆ ಸೇರಿಸಿದರೆ ಸಾಕು. ಅಲ್ಲೇ ಇರಲು ಹೋಗುವವರಿಗೆ ಹೋಗುವುದೊಂದೇ ಸಾಲುತ್ತದೆ, ನಿಜ. ಆದರೂ ಒಂಟಿ ಹೆಂಗಸು, ವಯಸ್ಸು ಅರವತ್ತೆರಡು; ಬರುವುದನ್ನೂ ತೋರಿಸಿದರೆ ಅಧಿಕಾರಿಗಳಿಗೆ ನಂಬಿಕೆ ಬರುತ್ತದೆ.

“ಕೊಳ್ಳದೇ ಇರೋ ಟಿಕೀಟು ತೋರ್ಸಿದ್ರೆ ಸುಳ್ಳಾಗಕ್ಕಿಲ್ವಾ ಸಾ?”

ಸುಳ್ಳಲ್ಲ, ಕಾಯ್ದಿರಿಸಿದ್ದು ಎಂದು ಅವನು ಸಮಾಧಾನ ಹೇಳಿದ. ಅವಳು ಕಣ್ಣು ಮುಚ್ಚಿ ಯೋಚಿಸಿ ತೀರ್ಮಾನ ಕೊಟ್ಟಳು. ಹೋಗುವುದು ನಿಜ, ಅದನ್ನು ಹಾಕಲಿ. ಬರುವುದಿಲ್ಲ, ಅದನ್ನು ಹಾಕಿದರೆ ದೇವರು ಮೆಚ್ಚುವುದಿಲ್ಲ.

ಹಾಗಾದರೆ ಮೂರು ತಿಂಗಳ ವೀಸಾ ಸುಲಭ, ಮಗಳನ್ನು ನೋಡಿಕೊಂಡು ಬಂದುಬಿಡಿ ಎಂದ.

“ಮೂರು ತಿಂಗ್ಳು ಯಾವ ಮೂಲೆಗೆ ಸಾ? ಅವ್ಳಿಗೆ ಅಲ್ಲಿ ಇಪ್ಪತ್ ವರ್ಸಕ್ಕೆ ಜಾಗ ಬರ್ಕೊಟ್ಟವ್ರೆ. ಆಮೇಲೆ ಬುಡಿಸ್ಬುಡ್ತಾರಂತೆ. ಅಲ್ಲೀಗಂಟ ನಾನಿದ್ರೆ ಜೊತೇಲಿರ್ತೀನಿ.”

ಇಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಾಯಿಸುವ ಮಾಲೀಕರನ್ನು ನೆನೆದು ಪಾಲಾಕ್ಷ ಆ ದೇಶವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಮಗಳ ಕೈಬರಹದ ಆಹ್ವಾನಪತ್ರ ಬೇಕೆಂದಾಗ ಮಲ್ಲಿಗಮ್ಮ ತಲೆ ತಗ್ಗಿಸಿದಳು. ಮಗಳು ಮಾತಾಡಿ ವರ್ಷವಾಗುತ್ತ ಬಂತು. ಫೋನ್ ಮಾಡಿ ನಾನೇ ಕೇಳುತ್ತೇನೆ ಎಂದರೆ, “ಎತ್ತಕ್ಕಿಲ್ಲ ಸಾ” ಎಂದಳು, ಅಷ್ಟೇ.

ಜಗಳವೆಂದು ಪಾಲಾಕ್ಷನಿಗೆ ಅರ್ಥವಾಯಿತು. ಕರೆಯದ ಮನೆಗೆ ಸಮುದ್ರ ದಾಟಿ ಹೊರಟಿದ್ದಾಳೆ. ಕೇಳಬಾರದೆಂದುಕೊಂಡರೂ ಕೇಳಿದ.

“ಅವ್ವಾ, ಮಗಳು ಬಾಗ್ಲು ತೆಗೀದಿದ್ರೆ ಏನ್ಮಾಡ್ತೀರ?”

“ಅಲ್ಲೇ ಕೂತ್ಕತೀನಿ.”

ಆಹ್ವಾನಪತ್ರವಿಲ್ಲದೆಯೇ ಅರ್ಜಿ ಹಾಕೋಣವೆಂದು ಅವನು ವಿಳಾಸ ಕೇಳಿದ; ಅವಳು ಸೆರಗಿನ ಗಂಟು ಬಿಚ್ಚಿದಳು. ಮಗಳ ಜೊತೆಯ ನರ್ಸ್ ರಂಜಿತಾ ಎಂಬವಳು ಕಳಿಸಿದ ಕಾಗದ. ಊರಿನ ಹೆಸರು, ನಾಲಿಗೆಗೆ ಹೊರಳದ ಇನ್ನೊಂದು ಉದ್ದನೆಯ ಹೆಸರು, ಕೆಳಗೆ ಹದಿನಾಲ್ಕನೇ ಸಾಲು, ಇಪ್ಪತ್ತೇಳನೇ ನಂಬರು. ಬಡಾವಣೆಯ ಹೆಸರಿರಬೇಕೆಂದುಕೊಂಡು ಪಾಲಾಕ್ಷ ಅಕ್ಷರ ಬಿಡದೆ ಅರ್ಜಿಗೆ ಇಳಿಸಿದ. ಜೊತೆಗಿದ್ದ, ಜರ್ಮನ್ ಭಾಷೆಯ, ಮೊಹರು ಒತ್ತಿದ ಇಪ್ಪತ್ತು ವರ್ಷದ ಕರಾರನ್ನೂ ಹಾಗೆಯೇ ಲಗತ್ತಿಸಿದ. ಜಾಗ ಹೇಗಿದೆಯಂತೆ ಎಂದು ಮಾತಿಗೆ ಕೇಳಿದ. ದೊಡ್ಡ ದೊಡ್ಡ ಮರಗಳಿವೆಯಂತೆ, ಗಲಾಟೆಯೇ ಇಲ್ಲವಂತೆ ಎಂದಳು.

ದಿನದ ವಿಷಯದಲ್ಲಿ ಮತ್ತೆ ಹಟ. ಮಹಾಲಯ ಅಮಾವಾಸ್ಯೆಗೆ ಮೊದಲೇ ಅಲ್ಲಿರಬೇಕು. ಪಕ್ಷಮಾಸದಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೆಯೇ ಎಂದು ಅವನು ನಕ್ಕರೆ ಅವಳು ನಗಲಿಲ್ಲ. ವಿಮಾನದಲ್ಲಿ ಹಾಲು, ತುಪ್ಪ ಬಿಡುತ್ತಾರೆಯೇ ಎಂದು ಕೇಳಿದಳು.

“ಬಿಡಾಕಿಲ್ಲ ಕಣವ್ವಾ. ಆ ದೇಶದಲ್ಲಿ ಹಾಲಿಗೇನು ಬರವಾ? ನಿಮ್ ಮಗ್ಳು ಬೇಜಾರಾಗೋವಷ್ಟು ಕುಡ್ದಿರ್ತಾಳೆ.”

“ನನ್ ಕೈಯಿಂದ ಒಂದ್ ಸಲಾನೂ ಆಗ್ಲಿಲ್ಲ ಸಾ.”

ಆ ಮಾತಿನ ಮೇಲೆ ಅವನು ತಮಾಷೆ ಬಿಟ್ಟ.

ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ಆಮೇಲೆ ಕಾಯುವುದೊಂದೇ. ಕಾಯ್ದಿರಿಸಿದ ಸೀಟು ಕೆಲವೇ ದಿನ ನಿಲ್ಲುತ್ತದೆ. ಮತ್ತೆ ಹೊಸದಾಗಿ ಹಿಡಿಯಬೇಕು. ಪ್ರತಿ ಸೋಮವಾರ ದೇವಸ್ಥಾನ ಮುಗಿಸಿ ಅಂಗಡಿಗೆ ಬಂದು, ಮೇಜಿನ ಮೇಲೆ ಒಂದು ಚೂರು ಕುಂಕುಮ ಇಟ್ಟು, ಸೀಟು ಇದೆಯೇ ಎಂದು ಕೇಳುವಳು. ಇದೆ ಎಂದರೆ ಎದ್ದು ಹೋಗುವಳು. ಭಾದ್ರಪದ ಹುಟ್ಟಿತು. ಹುಣ್ಣಿಮೆ ಕಳೆಯಿತು. ಅಮಾವಾಸ್ಯೆಯೂ ಬಂದು ಹೋಯಿತು. ಪಾಲಾಕ್ಷ ಸೀಟು ಹಿಡಿಯುವುದನ್ನು ನಿಲ್ಲಿಸಿದ. ಅವಳು ಕೇಳುವುದನ್ನು ನಿಲ್ಲಿಸಲಿಲ್ಲ.

ಆ ಮರುವಾರ ಲಕೋಟೆ ಬಂತು. ಅವಳ ಎದುರಿನಲ್ಲೇ ಒಡೆದ. ಪಾಸ್‌ಪೋರ್ಟಿನ ಹಾಳೆಗಳನ್ನು ಎರಡು ಸಲ ತಿರುವಿದ. ಎಲ್ಲವೂ ಖಾಲಿ.

ಅವನಿಗೆ ಅವಳ ಮೇಲೆಯೇ ಸಿಟ್ಟು ಬಂತು. ಬರುವ ಟಿಕೆಟ್ಟು ಹಾಕೋಣವೆಂದು ಬಡಿದುಕೊಂಡೆನಲ್ಲ, ಈಗ ನೋಡಿ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. ಅವಳು ಖಾಲಿ ಪಾಸ್‌ಪೋರ್ಟನ್ನು ಎತ್ತಿ ಸೆರಗಿಗೆ ಸುತ್ತಿಕೊಂಡಳು.

“ಅವ್ಳಿಗೆ ಏಳ್ಬುಟ್ಟಿದ್ದೆ ಸಾ, ಬತ್ತೀನಿ ಅಂತ.”

ತಾನು ಹೇಳಿದ್ದು ಸರಿಯೆಂದು ತೋರಿಸಲು ಪಾಲಾಕ್ಷ ಜೊತೆಗಿದ್ದ ಪತ್ರವನ್ನು ಬಿಡಿಸಿದ. ಟಿಕೆಟ್ಟಿನ ಮಾತು ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಒಂದೇ ಕಾರಣ.

ಅರ್ಜಿದಾರರು ವಾಸಕ್ಕೆಂದು ಕೊಟ್ಟಿರುವ ವಿಳಾಸ ನಗರದ ಸ್ಮಶಾನದ್ದು. ಹದಿನಾಲ್ಕನೇ ಸಾಲಿನ ಇಪ್ಪತ್ತೇಳನೆಯದು ಅವರ ಮಗಳ ಸಮಾಧಿ.