ಬಿಟ್ಟ ಎರಡು ಸಾಲು

ಎಳ್ಳ ಅಮಾವಾಸ್ಯೆಯ ದಿನ ಭೂಮಿತಾಯಿಗೆ ಎಡೆಯ ಅನ್ನ, ಚರಗ, ಹೊಲದ ತುಂಬ ಚೆಲ್ಲಿ ಬಂದು ಸೋನಾಬಾಯಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಸಂಗ್ರಾಮ ಕೈಯಲ್ಲೊಂದು ಕಾಗದ ಹಿಡಿದುಕೊಂಡು ಬದು ದಾಟಿ ಹೊಲದೊಳಗೆ ಬಂದ. ಹಳ್ಳದ ಮೇಲ್ಗಡೆ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಅವನದು. ಸೋನಾಬಾಯಿ ಕೊಟ್ಟ ತಕರಾರಿನಿಂದ ಅದಕ್ಕೆ ಬೀಗ ಬಿದ್ದು ಮೂರು ವರ್ಷವಾಗಿತ್ತು. ಅಂಥವನು ಹಲ್ಲು ಕಿರಿಯುತ್ತಾ ಬಂದದ್ದು ನೋಡಿಯೇ ಸೊಸೆ ಸಪನಾ ಅತ್ತೆಯ ಹಿಂದಕ್ಕೆ ಸರಿದಳು.

“ಕಾಕೂ, ನಿಮ್ಮ ಮಣ್ಣಿನ ರಿಪೋರ್ಟ್ ಛಲೋ ಬಂದೈತೆಂತ ಅಲಖನೂರ ತುಂಬ ಮಾತೈತಿ. ಹೊಲ ಚೊಕ್ಕ ಆತು. ಇನ್ನ ನಮ್ಮ ನಿಮ್ಮ ನಡುವ ತಂಟೆ ಯಾಕ? ಇದಕ್ಕೊಂದು ಸಹಿ ಮಾಡ್ರಿ. ನನ್ನ ಶೆಡ್ಡಿನಿಂದ ನಿಮ್ಮ ಹೊಲಕ್ಕ ಏನೂ ತ್ರಾಸ ಆಗಿಲ್ಲ ಅಂತ ಬರದೈತಿ, ಅಷ್ಟ.”

ಅಷ್ಟೇ ಅಂತೆ! ಆ ಒಂದು ಸಹಿ ಬಿದ್ದರೆ ಬೀಗ ತೆರೆಯುತ್ತದೆ, ಮತ್ತೆ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ ಅದೇ ಕಪ್ಪು ನೀರು. ಸೋನಾಬಾಯಿಗೆ ಮೈಯೆಲ್ಲ ಉರಿಯಿತು. ಹೊಲ ಸತ್ತಿತು, ಮಾರಿ ಕೈ ತೊಳೆದುಕೋ ಎಂದು ಊರೆಲ್ಲ ಹೇಳಿದಾಗಲೂ ಅವಳು ಜಗ್ಗಿರಲಿಲ್ಲ. ಮಣ್ಣು ಪರೀಕ್ಷೆಯ ಅಲ್ಫಿಯಾ ಮೇಡಂ ಹೇಳಿಕೊಟ್ಟಂತೆ, ಬೇರೆಯವರು ಗದ್ದೆಯಲ್ಲೇ ಬೆಂಕಿ ಹಚ್ಚಿಬಿಡುವ ಕಬ್ಬಿನ ಒಣ ಗರಿ, ರವದಿಯನ್ನು ಹೊತ್ತು ತಂದು, ಡ್ರಮ್ಮಿನ ಬಾಯಿ ಮುಚ್ಚಿ ಸುಟ್ಟು ಇದ್ದಿಲು ಮಾಡಿ, ಗೊಬ್ಬರದ ಜೊತೆ ಮಣ್ಣಿಗೆ ಬೆರೆಸಿದ್ದಳು. ಸೀಸ ಬೇರಿಗೆ ಏರದಂತೆ ಹಿಡಿದಿಡಲು ಎಲುಬಿನ ಪುಡಿಯೂ ಬೇಕು ಎಂದಾಗ ಮಾತ್ರ ಒಂದು ದಿನ ಆ ಚೀಲವನ್ನು ಅಂಗಳದಲ್ಲೇ ಬಿಟ್ಟಳು. ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆ ಅದು. ಮರುದಿನ ತಾನೇ ಚೀಲ ಬಿಚ್ಚಿ ಸ್ವಂತ ಕೈಯಿಂದ ಹೊಲಕ್ಕೆಲ್ಲ ಎರಚಿದಳು. ಅಂದಿನಿಂದ ಓಣಿಯ ನಾಲ್ಕು ಮನೆಯವರು ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟರು. ಬಿಡಲಿ ಎಂದಳು.

“ಹೊಲ ಚೊಕ್ಕ ಆಗಿಲ್ಲ, ಸಂಗ್ರಾಮ. ನೀ ಬಿಟ್ಟ ಸೀಸ ಇಲ್ಲೇ ಮಣ್ಣಾಗ ಐತಿ. ಹಾಯೂ ಹೋರಿ ಗೂಟಕ್ಕ ಕಟ್ಟಿದಂಗ ಕಟ್ಟಿ ಹಾಕೀನಿ. ಕಟ್ಟಿ ಹಾಕಿದ್ದಕ್ಕ ಹೋರಿನ ಇರಲಿಲ್ಲ ಅಂತ ಬರದ ಕೊಡ್ಲೇನು?”

ಸಂಗ್ರಾಮನ ನಗು ಮಾಯವಾಯಿತು. “ಎಲುಬ ಮುಟ್ಟಿದ ಕೈಲೇ ಭೂಮಿತಾಯಿಗೆ ಚರಗ ಚೆಲ್ಲೀರಿ. ಮ್ಯಾಲೆ ನನಗ ಬುದ್ಧಿ ಹೇಳ್ತೀರಿ!”

“ಎಲುಬ ನಾ ಮುಟ್ಟೀನಿ, ಸೀಸ ನೀ ಬಿಟ್ಟಿ. ಯಾರದು ಮೈಲಿಗಿ ಅಂತ ಇಕಿನ್ನ ಕೇಳು,” ಎಂದು ಸೋನಾಬಾಯಿ ಅಂಗೈಯಿಂದ ನೆಲ ಬಡಿದಳು. ಆಮೇಲೆ ದನಿ ತಗ್ಗಿಸಿ, “ಇರಲಿ, ಕೂಡು. ಇವತ್ತ ಹೊಲಕ್ಕ ಬಂದಾವ ಉಣ್ಣದ ಹೋಗಬಾರದು,” ಎಂದಳು.

ಅದು ಮಾತ್ರ ಮೀರುವಂಥದ್ದಲ್ಲ. ಆ ದಿನ ಬದುವಿನೊಳಗೆ ಕಾಲಿಟ್ಟವನು ಹಗೆಯಾದರೂ ಅತಿಥಿಯೇ. ಸಂಗ್ರಾಮ ಪ್ಯಾಂಟು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಸೋನಾಬಾಯಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇಟ್ಟಳು. ಬುತ್ತಿಯ ಕಡೆ ತಿರುಗಿ ಎರಡು ಬಟ್ಟಲಿಗೆ ಪಾಲಕ್ ಪಲ್ಲೆ ಹಾಕಿ ತಂದು ಅವನ ಬಲಕ್ಕೊಂದು, ಎಡಕ್ಕೊಂದು ಇಟ್ಟಳು.

“ಬಲಗಡೀದು ಇದ್ದಿಲು, ಎಲುಬು ಹಾಕಿದ ಕಡೀದು. ಎಡಗಡೀದು, ಅಕಾ ಅಲ್ಲಿ ಹಳ್ಳದ ಕಡೆ ಕಾಣತಾವಲ್ಲ, ಆ ಎರಡು ಸಾಲಿಂದು.”

ಸಂಗ್ರಾಮ ತಿರುಗಿ ನೋಡಿದ. ಊರವರು ಆ ಎರಡು ಸಾಲು ನೋಡಿ, ಮುದುಕಿಗೆ ಗೊಬ್ಬರ ಸಾಲಲಿಲ್ಲ ಎಂದು ಆಡಿಕೊಂಡಿದ್ದರು.

“ತಾಳೆ ನೋಡಾಕ ಬಿಡು ಅಂದ್ರು ಮೇಡಂ, ಏನೂ ಹಾಕದ ಹಂಗ ಬಿಟ್ಟೀನಿ. ರಿಪೋರ್ಟಿನ ಎರಡನೇ ಹಾಳಿ ನೀ ಓದಿಲ್ಲ ಕಾಣತೈತಿ. ಈ ಸಾಲಿನ ಪಾಲಕದಾಗ ಇರಬೇಕಾದ್ದಕಿಂತ ನಾಕ ಪಟ್ಟು ಸೀಸ ಐತಿ ಅಂತ ಬರದಾರ. ಅವರದು ಇರಲಿ ಬಿಡು. ನೀ ಏನೂ ಬಿಟ್ಟೇ ಇಲ್ಲಂತೀಯಲ್ಲ? ಉಣ್ಣು. ಆ ಬಟ್ಟಲ ಖಾಲಿ ಆಗೂದ ತಡ, ಸಹಿ ಮಾಡತೀನಿ.”

ಸಂಗ್ರಾಮ ರೊಟ್ಟಿ ಮುರಿದ. ಮುರಿದ ತುಂಡು ಎಡಗಡೆಯ ಬಟ್ಟಲಿನ ತನಕ ಹೋಗಿ ಅಲ್ಲೇ ನಿಂತಿತು. ತುಂಡನ್ನು ತಾಟಿನಲ್ಲಿ ಬಿಟ್ಟು ಎದ್ದ. ಕಾಗದ ಮಡಚಿ ಜೇಬಿಗೆ ತುರುಕಿಕೊಳ್ಳುತ್ತಾ, “ನೋಡ್ಕೋತೀನಿ, ಕಾಕೂ,” ಎಂದ.

“ನೋಡ್ಕೋ. ಹೊಲಾನೂ ಇಲ್ಲೇ ಇರತೈತಿ, ನಾನೂ ಇಲ್ಲೇ ಇರತೀನಿ.”

ಅವನು ಬದುವಿನಾಚೆ ಮರೆಯಾದ ಮೇಲೆಯೇ ಸಪನಾ ಬಾಯಿ ಬಿಟ್ಟಳು. “ಏನ್ರೀ ಅತ್ತ್ಯಾರ ನೀವು! ಅಂವಾ ಖರೇನ ಉಂಡಿದ್ರ? ವಿಷದ ಪಲ್ಲೆ ಬಡಿಸೂದೇನ್ರೀ ಮನಷಾಗ?”

“ಹುಚ್ಚಿ, ಎರಡೂ ಒಂದ ಗಡಿಗೀವು. ಆ ಸಾಲಿನ ಎಲಿ ನಾ ದನಕ್ಕೂ ಹಾಕಿಲ್ಲ.” ಸೋನಾಬಾಯಿ ಎಡಗಡೆಯ ಬಟ್ಟಲು ಎಳೆದುಕೊಂಡು ರೊಟ್ಟಿಯಿಂದ ಬಳಿದು ಬಳಿದು ಉಂಡಳು. “ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ, ನೋಡಿದಿಲ್ಲ?”

ಉಂಡು ಕೈ ತೊಳೆದು, ಸಂಗ್ರಾಮ ಬಾಯಿಗೆ ಮುಟ್ಟಿಸದೆ ಬಿಟ್ಟುಹೋದ ರೊಟ್ಟಿ ಎತ್ತಿಕೊಂಡು ಅವಳು ಹಳ್ಳದ ಕಡೆಗೆ ನಡೆದಳು. ಬಿಟ್ಟ ಎರಡು ಸಾಲಿನ ನಡುವೆ ನಿಂತು, ರೊಟ್ಟಿಯನ್ನು ಚೂರು ಮಾಡಿ ಬೇರುಬೇರಿಗೂ ಚೆಲ್ಲತೊಡಗಿದಳು.

“ಚರಗ ಮುಂಜಾನೇನ ಚೆಲ್ಲೀವಲ್ರೀ, ಮತ್ತ ಅಲ್ಯಾಕ?” ಎಂದು ಸಪನಾ ಕೂಗಿದಳು.

“ಸಾಕ್ಷಿ ಹೇಳಾವ್ರು ಉಪವಾಸ ಇರಬಾರದವಾ.”