ಎರಡನೇ ಟ್ರ್ಯಾಕ್

ಶಿಷ್ಯೆಯ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ.

ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಅವಳು ಮೂರನೇ ಸಲ ತಿರುಗಿಸಿ ನೋಡಿದಳು. ಮುಂದೆ ಗುರುವಿನ ಫೋಟೋ. ಹಿಂದೆ ತೊಂಬತ್ತಾರು ಕೀರ್ತನೆಗಳ ಪಟ್ಟಿ, ಮೃದಂಗದವನ ಹೆಸರು, ತಂಬೂರಿಯವಳ ಹೆಸರು, ಕೊನೆಗೆ ಪ್ರೆಸ್ಸಿನ ಹೆಸರು ಕೂಡ.

“ಕನ್ನಡಕ ತರಿಸ್ಲಾ ಚಿಕ್ಕಮ್ಮ?” ಎಂದಳು ಗುರುವಿನ ಮಗಳು. ತಾಯಿ ತೀರಿಕೊಂಡ ಮೇಲೆ ಟ್ರಸ್ಟಿನ ಕುರ್ಚಿ ಅವಳದಾಗಿತ್ತು.

“ಕಣ್ಣು ಚೆನ್ನಾಗೇ ಇದೆ. ಹೆಸರು ಕಾಣ್ತಿಲ್ಲ. ‘ನಾನು ಹೋದ ಮೇಲೆ ನಿನ್ನ ಹೆಸರು ಬರತ್ತೆ, ಅಲ್ಲೀವರೆಗೂ ಬಾಯಿ ಬಿಡಬೇಡ’ ಅಂತ ನಿಮ್ಮಮ್ಮ ಮಾತು ಕೊಟ್ಟಿದ್ರು.”

“ದನಿಗೂಡಿಸಿದವರಿಗೆಲ್ಲ ಹೆಸರು ಹಾಕ್ತಾ ಹೋದ್ರೆ, ನಾಳೆ ಚಹಾ ತಂದವನೂ ಬಂದು ನಿಲ್ತಾನೆ.” ಮಗಳು ಒಬ್ಬಳೇ ನಕ್ಕಳು.

ಅವು ತೆಲುಗಿನ ಸಂತನೊಬ್ಬನ ಕೀರ್ತನೆಗಳು. ಪದಗಳು ಉಳಿದಿದ್ದವು, ಧಾಟಿ ಕಳೆದುಹೋಗಿತ್ತು. ಗುರು ಒಂದೊಂದಕ್ಕೂ ಹೊಸ ಧಾಟಿ ಕೂಡಿಸಿದರು. ಸ್ವರ ಬರೆದಿಡಲಿಲ್ಲ; ಟೇಪೇ ನನ್ನ ಪುಸ್ತಕ ಎನ್ನುತ್ತಿದ್ದರು. ಕೆಲಸ ಶುರುವಾದ ವರ್ಷವೇ, ದೇವರ ಪದವನ್ನು ಚಪ್ಪಾಳೆಗೆ ಹಾಡುವುದಿಲ್ಲ ಎಂದು ವೇದಿಕೆ ಬಿಟ್ಟರು. ಜನ ಕೈಮುಗಿದರು. ಆಮೇಲೆ ಹದಿನೆಂಟು ವರ್ಷ ಬರೀ ಸ್ಟುಡಿಯೋ. ಗುರು ದೊಡ್ಡ ಮೈಕಿನ ಮುಂದೆ, ಶಿಷ್ಯೆ ಪಕ್ಕದ ಗಾಜಿನ ಗೂಡಿನಲ್ಲಿ. ಮಗಳು ಆಗ ದೂರದ ಹಾಸ್ಟೆಲಿನಲ್ಲಿದ್ದಳು.

ಈಗ ಶಿಷ್ಯೆಗೆ ಅರವತ್ತೆಂಟು. ಸ್ವರ ಸ್ವಲ್ಪ ಮೇಲೆ ಹೋದರೆ ದನಿ ಸೀಳುತ್ತದೆ.

“ಮೊದಲ ಏಳು ಹಾಡಲ್ಲಿ ನೀವು ಇಲ್ಲವೇ ಇಲ್ಲ,” ಎಂದಳು ಮಗಳು. “ನೀವಿಲ್ಲದೇನೂ ಅಮ್ಮ ಹಾಡಿದ್ರು.”

“ಹೌದು. ಆ ಏಳು ಅವರೇ ಹಾಡಿದ್ರು.” ಶಿಷ್ಯೆ ಪೆಟ್ಟಿಗೆಯನ್ನು ಕೆಳಗಿಟ್ಟಳು. “ಹೆಸರು ಬೇಡ ಅಂದ್ಮೇಲೆ ದನಿಯೂ ಬೇಡ. ನಂದು ಒಂದಕ್ಷರ ಉಳೀಬಾರದು. ತೆಗೆಸಿಬಿಡು.”

ಮಗಳು ಕೋರ್ಟಿನ ನೋಟೀಸಿಗೆ ಹೆದರಿಕೊಂಡಿದ್ದಳು. ಇದು ಬಯಸದೆ ಬಂದ ಭಾಗ್ಯ. “ಬರೆದುಕೊಡ್ತೀರಾ?”

“ನಾನೂ ಬರೀತೀನಿ. ನೀನೂ ರುಜು ಹಾಕು.”

ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ ತಂತ್ರಜ್ಞ ಆ ಕಾಗದವನ್ನು ಎರಡು ಸಲ ಓದಿದ. ಟೇಪಿನ ಡಬ್ಬಿಗಳ ಮೇಲೆಲ್ಲ ಶಿಷ್ಯೆಯದೇ ಅಕ್ಷರ: ಒಂದನೇ ಟ್ರ್ಯಾಕ್ ಗುರು, ಎರಡು ಶಿಷ್ಯೆ, ಮೂರು ವಾದ್ಯ.

“ಮೇಡಂ, ಅಳಿಸಿದ್ರೆ ಅಳಿಸಿದ ಹಾಗೇನೇ. ಟೇಪು ಒಂದು ಸಲ ಓಡೋಷ್ಟರಲ್ಲಿ ಪುಡಿಪುಡಿಯಾಗಿದೆ. ಇರೋದು ಈ ಒಂದೇ ಪ್ರತಿ.”

“ಇಬ್ಬರ ದನಿ ಸೇರಿ ಗಲಿಬಿಲಿ ಆಗಿದೆಯಾ?” ಎಂದಳು ಮಗಳು.

“ಇಲ್ಲ. ಎಲ್ಲ ಒಟ್ಟಿಗೇ ಹಾಕಿ ಕೇಳಿದೆ, ಒಂದೇ ಗಂಟಲು ಅನ್ನಿಸ್ತು. ಅಷ್ಟು ಹೊಂದಿಕೆ.”

“ಹಾಗಾದ್ರೆ ಒಂದು ಕಡಿಮೆಯಾದ್ರೆ ಯಾರಿಗೆ ಗೊತ್ತಾಗತ್ತೆ? ಮೊದಲನೇ ಹಾಡಿನ ಒಂದನೇ ಟ್ರ್ಯಾಕ್ ಹಾಕಿ.”

ಗುರುವಿನ ದನಿ ಕೋಣೆ ತುಂಬಿತು. ಮಗಳ ಕಣ್ಣು ಒದ್ದೆಯಾಯಿತು. “ಸಾಕು. ಎಲ್ಲಾದಕ್ಕೂ ಹೀಗೇ ಮಾಡಿ. ಶುಕ್ರವಾರ ಬಿಡುಗಡೆ.”

ತಂತ್ರಜ್ಞ ಶಿಷ್ಯೆಯ ಕಡೆ ನೋಡಿದ. ಅವಳ ಕೈ ಎಂಟನೇ ಡಬ್ಬಿಯ ಮೇಲಿತ್ತು. ಆ ಹಾಡಿನ ಒಂದು ತಿರುವು ಒಲಿಯುವುದಕ್ಕೆ ಎರಡು ತಿಂಗಳು ಹಿಡಿದಿತ್ತು.

“ಅಮ್ಮಾ, ಇನ್ನೊಂದು ಸಲ ಯೋಚನೆ ಮಾಡಿ.”

“ಹದಿನೆಂಟು ವರ್ಷ ಮಾಡಿದೀನಪ್ಪ. ಅಳಿಸು.”

ಶುಕ್ರವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿಷ್ಯೆ ಕೊನೆಯ ಸಾಲಿನಲ್ಲಿ ಕೂತಿದ್ದಳು. ಮಗಳು ಮೈಕಿನಲ್ಲಿ, “ನಮ್ಮಮ್ಮನ ದನಿ, ಬೇರೆ ಯಾರ ಬೆರಕೆಯೂ ಇಲ್ಲದೆ,” ಎಂದಳು. ಚಪ್ಪಾಳೆ. “ಎಂಟನೇ ಕೀರ್ತನೆ ಅಂದ್ರೆ ಅಮ್ಮನಿಗೆ ಪ್ರಾಣ. ಅದನ್ನೇ ಕೇಳೋಣ.”

ತಂಬೂರಿ ಶುರುವಾಯಿತು. ಮೃದಂಗ ಕೂಡಿಕೊಂಡಿತು. ಪಲ್ಲವಿಯ ಜಾಗ ಬಂತು, ಹೋಯಿತು. ಒಂದನೇ ಟ್ರ್ಯಾಕಿನಲ್ಲಿ, ಸ್ಟುಡಿಯೋದ ದೊಡ್ಡ ಮೈಕಿನ ಮುಂದೆ, ಯಾರೋ ಒಮ್ಮೆ ಕೆಮ್ಮಿದರು. ಮಗಳು ಒಂಬತ್ತನೆಯದನ್ನು ಹಾಕಿಸಿದಳು, ಮೂವತ್ತನೆಯದನ್ನು, ತೊಂಬತ್ತಾರನೆಯದನ್ನು. ತಂಬೂರಿ, ಮೃದಂಗ, ಕೆಮ್ಮು.

ಏಳನೇ ಹಾಡು ಮುಗಿದ ವಾರವೇ ಗುರುವಿನ ಗಂಟಲು ಹೋಗಿತ್ತು. ಆಮೇಲಿನ ಹಾಡೆಲ್ಲ ಇದ್ದದ್ದು ಎರಡನೇ ಟ್ರ್ಯಾಕಿನಲ್ಲಿ ಮಾತ್ರ. ಉಳಿದದ್ದು ಏಳು ಕೀರ್ತನೆ. ಹೋದದ್ದು ಎಂಬತ್ತೊಂಬತ್ತು.